ಮಳೆಯೂ ಚಳಿಯೂ ಒಟ್ಟಿಗೆ ಬರುವ ಹಿತ್ತಲು

ಕ್ಯಾಲಿಫೋರ್ನಿಯಾದ ಬೆಟ್ಟದ ಇಳಿಜಾರುಗಳಲ್ಲಿ ಬಕ್‌ಐ ಎಂಬ ಮರವಿದೆ. ಜುಲೈ ಬರುತ್ತಿದ್ದಂತೆ ಇದರ ಎಲೆಗಳು ಕಂದಾಗಿ ಒಣಗತೊಡಗುತ್ತವೆ. ಸೆಪ್ಟೆಂಬರ್ ಹೊತ್ತಿಗೆ ಮರ ಬೋಳು. ಹೊಸದಾಗಿ ನೋಡಿದವರು ಸತ್ತೇ ಹೋಗಿದೆ ಅಂದುಕೊಳ್ಳುತ್ತಾರೆ. ಆದರೆ ಫೆಬ್ರವರಿ ಸುಮಾರಿಗೆ, ಚಳಿ ಇನ್ನೂ ಇರುವಾಗಲೇ, ಅದು ತಿಳಿಹಸಿರು ಎಲೆ ಬಿಡುತ್ತದೆ. ಬೇಸಿಗೆಯಲ್ಲಿ ಮಲಗಿ ಚಳಿಗಾಲದಲ್ಲಿ ಏಳುವ ಮರ ಇದು. ಇಲ್ಲಿ ಹಿತ್ತಲು ಮಾಡುವವರು ಮೊದಲು ಗಮನಿಸಬೇಕಾದ ಮರ ಇದೇ ಎಂದು ನನಗನ್ನಿಸುತ್ತದೆ.

ಕ್ಯಾಲಿಫೋರ್ನಿಯಾದ ಈ ಭಾಗದಲ್ಲಿ ನೀರು ಮತ್ತು ಬಿಸಿಲು ಜೊತೆಯಾಗಿ ಬರುವುದಿಲ್ಲ. ಕರ್ನಾಟಕದಲ್ಲಿ ಬೆಳೆದವರಿಗೆ ಇದು ಒಗ್ಗಲು ಸ್ವಲ್ಪ ಕಾಲ ಬೇಕು. ನಮ್ಮಲ್ಲಿ ಮುಂಗಾರು ಬರುವಾಗ ನೆಲ ಬೆಚ್ಚಗಿರುತ್ತದೆ, ಹಗಲು ಉದ್ದವಿರುತ್ತದೆ. ಬೀಜ ಬಿದ್ದರೆ ಸಾಕು, ವಾರದೊಳಗೆ ಹಸಿರು. ಸ್ಯಾನ್ ಹೋಸೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 380 ಮಿಲಿಮೀಟರ್. ಬೆಂಗಳೂರಿನ ಅರ್ಧವೂ ಇಲ್ಲ. ಅದರಲ್ಲೂ ಬಹುಪಾಲು ಬರುವುದು ನವೆಂಬರ್‌ನಿಂದ ಮಾರ್ಚ್‌ವರೆಗೆ, ಹಗಲು ಚಿಕ್ಕದಾಗಿ ಬಿಸಿಲು ಸೋತಿರುವಾಗ. ಬಿಸಿಲು ಜೋರಾಗಿರುವ ಜುಲೈ ತಿಂಗಳಲ್ಲಿ ಹನಿ ನೀರೂ ಬೀಳುವುದಿಲ್ಲ ಅಂದರೆ ತಪ್ಪಾಗಲಾರದು.

ಇದಕ್ಕೆ ಕಾರಣ ಪೆಸಿಫಿಕ್ ಸಾಗರದ ಮೇಲೆ ನಿಂತಿರುವ ಹೆಚ್ಚು ಒತ್ತಡದ ಗಾಳಿಯ ದೊಡ್ಡ ವಲಯ. ಬೇಸಿಗೆಯಲ್ಲಿ ಅದು ಉತ್ತರಕ್ಕೆ ಸರಿದು ಬಲಗೊಳ್ಳುತ್ತದೆ. ಬರುವ ಬಿರುಗಾಳಿ ಮಳೆಗಳನ್ನೆಲ್ಲ ಇನ್ನೂ ಮೇಲಕ್ಕೆ ತಳ್ಳಿಬಿಡುತ್ತದೆ. ಚಳಿಗಾಲದಲ್ಲಿ ದಕ್ಷಿಣಕ್ಕೆ ಇಳಿಯುತ್ತದೆ, ಮಳೆಗೆ ದಾರಿ ತೆರೆಯುತ್ತದೆ. ಇಂಥದೇ ಹವೆ ಪ್ರಪಂಚದಲ್ಲಿ ಐದು ಕಡೆ ಇದೆ. ಮೆಡಿಟರೇನಿಯನ್ ಸಮುದ್ರದ ಸುತ್ತಮುತ್ತ, ಕ್ಯಾಲಿಫೋರ್ನಿಯಾ, ಚಿಲಿ ದೇಶದ ನಡುಭಾಗ, ದಕ್ಷಿಣ ಆಫ್ರಿಕಾದ ಕೇಪ್, ಆಸ್ಟ್ರೇಲಿಯಾದ ನೈರುತ್ಯ ಮತ್ತು ದಕ್ಷಿಣ ಅಂಚು. ಐದೂ ಸೇರಿದರೆ ಭೂಮಿಯ ನೆಲದಲ್ಲಿ ಸುಮಾರು 2 ಶೇಕಡ. ಅಷ್ಟರಲ್ಲೇ ಜಗತ್ತಿನ ಸಸ್ಯ ಜಾತಿಗಳಲ್ಲಿ ಹೆಚ್ಚುಕಡಿಮೆ ಐದನೇ ಒಂದು ಭಾಗ ಬದುಕಿದೆ. ನೀರು ಬಿಸಿಲುಗಳ ಈ ವಿರಸದಲ್ಲಿ ಬಾಳುವುದಕ್ಕೆ ಗಿಡಗಳು ಎಷ್ಟೊಂದು ಉಪಾಯ ಕಂಡುಕೊಂಡಿವೆ, ಅಲ್ವಾ?

ಹಾಗಾಗಿ ಇಲ್ಲಿ ತೋಟದ ವರ್ಷ ಶುರುವಾಗುವುದು ಮೊದಲ ಒಳ್ಳೆಯ ಮಳೆಗೆ. ಅದು ಅಕ್ಟೋಬರ್ ಕೊನೆಗೆ ಬರಬಹುದು, ನವೆಂಬರ್ ಮಧ್ಯಕ್ಕೂ ಜಾರಬಹುದು. ಅವತ್ತು ಮಾಡಬೇಕಾದ ಮೊದಲ ಕೆಲಸ ಡ್ರಿಪ್ ನೀರಿನ ಟೈಮರ್ ನಿಲ್ಲಿಸುವುದು. ಎಷ್ಟೋ ಮನೆಗಳಲ್ಲಿ ಮಳೆ ಸುರಿಯುತ್ತಿರುವಾಗಲೂ ಸ್ಪ್ರಿಂಕ್ಲರ್ ಸುಮ್ನೆ ತಿರುಗುತ್ತಿರುತ್ತದೆ. ಅದನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

ಎರಡನೆಯದು ನೆಡುವುದು. ಈ ನೆಲದ ಗಿಡಗಳಾದ ಮ್ಯಾಂಜನೀಟಾ, ಸಿಯಾನೋಥಸ್, ಟೊಯಾನ್ ಮುಂತಾದವನ್ನು ನೆಡಲು ನವೆಂಬರ್, ಡಿಸೆಂಬರ್‌ಗಿಂತ ಒಳ್ಳೆಯ ಕಾಲವಿಲ್ಲ. ಮೇಲೆ ನೋಡಿದರೆ ತಿಂಗಳುಗಟ್ಟಲೆ ಏನೂ ಆಗುತ್ತಿಲ್ಲ ಅನ್ನಿಸುತ್ತದೆ. ಕೆಳಗೆ ಬೇರು ಇಳಿಯುತ್ತಿರುತ್ತದೆ. ಗಾಳಿ ತಣ್ಣಗಾದಷ್ಟು ಬೇಗ ಮಣ್ಣು ತಣ್ಣಗಾಗುವುದಿಲ್ಲ. ಮೇ ತಿಂಗಳಲ್ಲಿ ಮಳೆ ನಿಲ್ಲುವುದರೊಳಗೆ ಬೇರು ಎಷ್ಟು ಆಳ ಹೋಗಿದೆ ಎನ್ನುವುದರ ಮೇಲೆ ಗಿಡ ಮುಂದಿನ ಬೇಸಿಗೆ ದಾಟುತ್ತದೋ ಇಲ್ಲವೋ ಎನ್ನುವುದು ನಿಂತಿದೆ. ಏಪ್ರಿಲ್‌ನಲ್ಲಿ ನರ್ಸರಿಯಲ್ಲಿ ಹೂ ಬಿಟ್ಟು ನಿಂತ ಗಿಡ ನೋಡಿ ಆಸೆಯಿಂದ ತಂದು ನೆಟ್ಟರೆ ಈ ಆರು ತಿಂಗಳು ಅದರ ಕೈ ತಪ್ಪಿಹೋಗುತ್ತದೆ.

ಸಿಯಾನೋಥಸ್ ವಿಷಯದಲ್ಲಿ ಇನ್ನೊಂದು ಮಾತು. ನೀಲಿ ಹೂವಿನ ಈ ಪೊದೆ ನೀರು ಜಾಸ್ತಿಯಾಗಿ ಸಾಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಚಳಿಗಾಲದಲ್ಲಿ ವಾರಗಟ್ಟಲೆ ನೆನೆದರೂ ಅದಕ್ಕೆ ಏನೂ ಆಗುವುದಿಲ್ಲವಲ್ಲ? ಕೊಲ್ಲುವುದು ಬರೀ ನೀರಲ್ಲ, ಬೆಚ್ಚಗಿನ ಮಣ್ಣಿನಲ್ಲಿ ನಿಂತ ನೀರು. ಬೇರು ಕೊಳೆಸುವ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿಗೆ ತೇವ ಮತ್ತು ಬೆಚ್ಚನೆ ಎರಡೂ ಬೇಕು. ಚಳಿಗಾಲದಲ್ಲಿ ತೇವವಿದೆ, ಬೆಚ್ಚನೆಯಿಲ್ಲ. ಬೇಸಿಗೆಯಲ್ಲಿ ಬೆಚ್ಚಗಿದೆ, ತೇವವಿಲ್ಲ. ನಾವು ಪ್ರೀತಿಯಿಂದ ಆಗಸ್ಟ್‌ನಲ್ಲಿ ನೀರು ಹಾಕಿದಾಗ ಎರಡನ್ನೂ ಒಟ್ಟುಗೂಡಿಸಿ ಕೊಡುತ್ತೇವೆ. ಮಲೆನಾಡಿನ ಅಡಿಕೆಗೆ ಕೊಳೆರೋಗ ತರುವುದು ಇದೇ ಫೈಟಾಫ್ತೊರಾ ಕುಲದ ಜೀವಿ. ಅಲ್ಲಿ ಮುಂಗಾರು ಈ ಜೋಡಿಯನ್ನು ತಾನೇ ತಂದುಕೊಡುತ್ತದೆ. ಅದಕ್ಕೇ ಬೆಳೆಗಾರರು ಬೋರ್ಡೋ ದ್ರಾವಣ ಹಿಡಿದು ಮರ ಹತ್ತಬೇಕಾಗುತ್ತದೆ.

ಮಳೆಗೆ ಕಳೆಯೂ ಏಳುತ್ತದೆ. ಡಿಸೆಂಬರ್, ಜನವರಿಯಲ್ಲಿ ಎಲ್ಲೆಲ್ಲೂ ಮೂರೆಲೆಯ ಹುಳಿ ಸೊಪ್ಪು, ಆಮೇಲೆ ಕಣ್ಣು ಕುಕ್ಕುವ ಹಳದಿ ಹೂ. ಇದು ಆಕ್ಸಾಲಿಸ್. ಬಂದದ್ದು ದಕ್ಷಿಣ ಆಫ್ರಿಕಾದ ಕೇಪ್‌ನಿಂದ. ಅಲ್ಲಿಯೂ ಮಳೆ ಚಳಿಗಾಲದ್ದೇ, ಹಾಗಾಗಿ ಇಲ್ಲಿ ಬಂದಾಗ ಅದು ಹೊಸದಾಗಿ ಏನನ್ನೂ ಕಲಿಯಬೇಕಾಗಿರಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಇದು ಬೀಜ ಕಟ್ಟುವುದಿಲ್ಲ. ಹರಡುವುದೆಲ್ಲ ಮಣ್ಣಿನಡಿಯ ಪುಟ್ಟ ಗೆಡ್ಡೆಗಳಿಂದ. ಮೇಲೆ ಹಿಡಿದು ಎಳೆದರೆ ಎಲೆ ಕೈಗೆ ಬರುತ್ತದೆ, ಗೆಡ್ಡೆ ಅಲ್ಲೇ ಉಳಿಯುತ್ತದೆ. ಹಳೆಯ ಗೆಡ್ಡೆ ಬರಿದಾಗಿ ಹೊಸದು ಇನ್ನೂ ಕಟ್ಟಿರದ ಹೊತ್ತು, ಅಂದರೆ ಹೂವಿಗೆ ಮೊದಲು, ಕೀಳಬೇಕು. ಮತ್ತೆ ಮತ್ತೆ ಕೀಳಬೇಕು. ಆದರೆ ಮಣ್ಣು ನೆನೆದು ಮುದ್ದೆಯಾಗಿರುವಾಗ ಅದರ ಮೇಲೆ ಓಡಾಡಬಾರದು. ಇಲ್ಲಿನ ಹಲವು ಬಡಾವಣೆಗಳಲ್ಲಿರುವುದು ನಮ್ಮ ಉತ್ತರ ಕರ್ನಾಟಕದ ಎರೆಮಣ್ಣಿನ ಹಾಗೆ ನೆನೆದರೆ ಉಬ್ಬಿ ಒಣಗಿದರೆ ಬಿರಿಯುವ ಜೇಡಿ. ಹಸಿಯಾಗಿದ್ದಾಗ ತುಳಿದರೆ ಒಳಗಿನ ಗಾಳಿಯ ಸಂದುಗಳು ಮುಚ್ಚಿಹೋಗುತ್ತವೆ. ಎರಡು ಮೂರು ದಿನ ಕಾಯುವುದೇ ಲೇಸು.

ಪೊದೆಗಳನ್ನು ಕತ್ತರಿಸುವ ಮುನ್ನ ಒಳಗೆ ಇಣುಕಿ ನೋಡಿ. ಆನಾ ಹಮ್ಮಿಂಗ್‌ಬರ್ಡ್ ಎಂಬ ಪುಟ್ಟ ಹಕ್ಕಿ ಚಳಿಗೆ ಊರು ಬಿಟ್ಟು ಹೋಗುವುದಿಲ್ಲ. ಡಿಸೆಂಬರ್‌ನಲ್ಲೇ ಜೇಡರ ಬಲೆಯ ಎಳೆ ಸೇರಿಸಿ ಗೂಡು ಕಟ್ಟಲು ಶುರುಮಾಡಬಹುದು. ಮ್ಯಾಂಜನೀಟಾ ಹೂ ಬಿಡುವುದೂ ಅದೇ ಕಾಲಕ್ಕೆ. ಬೇರೆ ಹೂಗಳಿಲ್ಲದ ಆ ದಿನಗಳಲ್ಲಿ ಹಕ್ಕಿಗೂ, ಜನವರಿ ಕೊನೆಗೆ ಹೊರಬರುವ ದುಂಬಿ ರಾಣಿಗಳಿಗೂ ಆ ಗುಲಾಬಿ ಬಿಳಿ ಹೂಗಳೇ ಊಟ. ಹಿತ್ತಲಲ್ಲಿ ಒಂದೇ ಒಂದು ಮ್ಯಾಂಜನೀಟಾ ಇದ್ದರೂ ಎಷ್ಟು ಜೀವಗಳಿಗೆ ಆಸರೆ!

ಇನ್ನು ಹಣ್ಣಿನ ಮರಗಳು. ಇವತ್ತು ಕಂಪ್ಯೂಟರ್ ಕಂಪನಿಗಳಿಂದ ತುಂಬಿರುವ ಸಾಂತಾ ಕ್ಲಾರಾ ಕಣಿವೆ ಮೊದಲು ಪ್ಲಮ್, ಏಪ್ರಿಕಾಟ್, ಚೆರ್ರಿ ತೋಟಗಳ ಊರು. ಈಗಲೂ ಹಳೆಯ ಮನೆಗಳ ಹಿಂದೆ ಆ ಕಾಲದ ಮರಗಳು ಸಿಗುತ್ತವೆ. ಸನ್ನಿವೇಲ್‌, ಕ್ಯುಪರ್ಟಿನೋಗಳಲ್ಲಿ ಮನೆ ಮಾಡಿದ ಕನ್ನಡಿಗರಲ್ಲಿ ಅನೇಕರಿಗೆ ಮನೆಯ ಜೊತೆ ಒಂದು ಪೀಚ್ ಮರವೋ ಏಪ್ರಿಕಾಟ್ ಮರವೋ ಬಂದಿರುತ್ತದೆ. ಎಲೆ ಉದುರಿದ ಆ ಮರದೊಳಗೆ ಚಳಿಗಾಲದಲ್ಲಿ ಏನು ನಡೆಯುತ್ತಿದೆ ಎನ್ನುವುದು ಇಡೀ ತೋಟದಲ್ಲೇ ನನಗೆ ಅತಿ ಬೆರಗಿನ ಸಂಗತಿ.

ಮರ ಚಳಿಯನ್ನು ಎಣಿಸುತ್ತಿದೆ. ಹಗಲು ಚಿಕ್ಕದಾಗಿ ಚಳಿ ಇಳಿದಂತೆ ಮೊಗ್ಗುಗಳು ಬಿಗಿಯಾಗಿ ಮುಚ್ಚಿಕೊಳ್ಳುತ್ತವೆ. ಬೆಳವಣಿಗೆ ತಡೆಯುವ ಅಬ್ಸಿಸಿಕ್ ಆಮ್ಲ ಏರುತ್ತದೆ. ಆಮೇಲೆ ನಡುವೆ ಎಷ್ಟೇ ಬೆಚ್ಚಗಿನ ವಾರ ಬಂದರೂ ಮೊಗ್ಗು ಏಳುವುದಿಲ್ಲ. ಎದ್ದರೆ ಮುಂದಿನ ಹಿಮಕ್ಕೆ ಸುಟ್ಟುಹೋಗುತ್ತದಲ್ಲ. ಸಾಕಷ್ಟು ಚಳಿ ಕಳೆದ ಮೇಲಷ್ಟೇ ಬೀಗ ತೆರೆಯುತ್ತದೆ. ಅನಂತರ ಬೆಚ್ಚನೆಯ ಲೆಕ್ಕ ಶುರು. ಪೀಚ್‌ನಲ್ಲಿ ಈ ಬೀಗದ ಜೀನ್‌ಗಳನ್ನೂ ಗುರುತಿಸಿದ್ದಾರೆ. ಮೆಕ್ಸಿಕೋದಲ್ಲಿ ಸಿಕ್ಕ ಒಂದು ಬಗೆಯ ಪೀಚ್ ಚಳಿಗಾಲ ಬಂದರೂ ಬೆಳವಣಿಗೆ ನಿಲ್ಲಿಸುತ್ತಿರಲಿಲ್ಲ. ಪರೀಕ್ಷಿಸಿದರೆ ಅಕ್ಕಪಕ್ಕದಲ್ಲಿರುವ ಡ್ಯಾಮ್ ಎಂಬ ಆರು ಜೀನ್‌ಗಳ ಗುಂಪಿನಲ್ಲಿ ಒಂದು ತುಂಡೇ ಕಳೆದುಹೋಗಿತ್ತು.

ತೋಟಗಾರರು ಈ ಲೆಕ್ಕವನ್ನು ಚಳಿ ಗಂಟೆ ಎಂದು ಅಳೆಯುತ್ತಾರೆ. ಸರಳ ಪದ್ಧತಿಯಲ್ಲಿ ನವೆಂಬರ್‌ನಿಂದ ಫೆಬ್ರವರಿವರೆಗೆ 7.2 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಎಷ್ಟು ಗಂಟೆ ಇತ್ತು ಎಂದು ಕೂಡುತ್ತಾರೆ. ಬಿಂಗ್ ಚೆರ್ರಿಗೆ ಹೆಚ್ಚುಕಡಿಮೆ 700ರಿಂದ 800 ಗಂಟೆ ಬೇಕು. ಇಸ್ರೇಲ್‌ನಲ್ಲಿ ರೂಪಿಸಿದ ಆನಾ ಸೇಬಿಗೆ 200ರಿಂದ 300 ಸಾಕು. ಬೆಂಗಳೂರಿನ ಹವಾಮಾನ ದಾಖಲೆಯಲ್ಲಿ ಅತಿ ಕಡಿಮೆ ಉಷ್ಣತೆ 1884ರ ಜನವರಿಯ 7.8 ಡಿಗ್ರಿ. ಅಂದರೆ ಈ ಲೆಕ್ಕದಲ್ಲಿ ಬೆಂಗಳೂರಿಗೆ ಒಂದೇ ಒಂದು ಚಳಿ ಗಂಟೆಯೂ ಸಿಕ್ಕಿಲ್ಲ! ಜನವರಿಯಲ್ಲಿ ಇಲ್ಲಿನ ನರ್ಸರಿಗಳಿಗೆ ಮಣ್ಣಿಲ್ಲದ ಬರಿಬೇರಿನ ಸಸಿಗಳು ಬರುತ್ತವೆ. ಕೊಳ್ಳುವ ಮೊದಲು ಚೀಟಿಯಲ್ಲಿ ಹಣ್ಣಿನ ಚಿತ್ರಕ್ಕಿಂತ ಮೊದಲು ಈ ಸಂಖ್ಯೆ ನೋಡಿ.

ಏಕೆಂದರೆ ಆ ಚಳಿ ಕಡಿಮೆಯಾಗುತ್ತಿದೆ. 2013–14ರ ಚಳಿಗಾಲ ಬೆಚ್ಚಗಿದ್ದು, 2014ರಲ್ಲಿ ಕ್ಯಾಲಿಫೋರ್ನಿಯಾದ ಚೆರ್ರಿ ಬೆಳೆ ಕುಸಿಯಿತು. ಹೂ ಒಟ್ಟಿಗೆ ಬಿಡಲಿಲ್ಲ, ಕಾಯಿ ಕಟ್ಟಲಿಲ್ಲ. ರಾಜ್ಯದ ನಡುಕಣಿವೆಯಲ್ಲಿ ಚಳಿಗಾಲದ ದಟ್ಟ ಮಂಜೂ ಇಳಿಮುಖವಾಗಿದೆ. ಬರ್ಕ್ಲಿ ವಿಶ್ವವಿದ್ಯಾಲಯದ ವಿಜ್ಞಾನಿಗಳು 2014ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ 32 ಚಳಿಗಾಲಗಳಲ್ಲಿ ಅದು 46 ಶೇಕಡ ಕಡಿಮೆಯಾಗಿತ್ತು. ಮಂಜಿದ್ದರೆ ಬಿಸಿಲು ಮೊಗ್ಗಿಗೆ ನೇರ ತಾಗುವುದಿಲ್ಲ. ಮಂಜಿಲ್ಲದಿದ್ದರೆ ಗಾಳಿ ತಣ್ಣಗಿದ್ದರೂ ಬಿಸಿಲಿಗೆ ಮೊಗ್ಗು ಬಿಸಿಯಾಗುತ್ತದೆ, ಮರದ ಲೆಕ್ಕ ತಪ್ಪುತ್ತದೆ.

ಕೊಂಬೆ ಸವರುವ ಕೆಲಸಕ್ಕೂ ಇದೇ ಕಾಲ. ಪೀಚ್ ಹಣ್ಣು ಬಿಡುವುದು ಹಿಂದಿನ ವರ್ಷ ಬೆಳೆದ ರೆಂಬೆಯಲ್ಲಿ. ಅದಕ್ಕೆ ಧೈರ್ಯವಾಗಿ ಅರ್ಧದಷ್ಟು ಸವರಬಹುದು. ಸೇಬು ವರ್ಷ ವರ್ಷವೂ ಅದೇ ಗಿಡ್ಡ ಕಡ್ಡಿಗಳಲ್ಲಿ ಬಿಡುತ್ತದೆ, ಅವನ್ನು ಉಳಿಸಿಕೊಳ್ಳಬೇಕು. ಆದರೆ ಏಪ್ರಿಕಾಟ್ ಮತ್ತು ಚೆರ್ರಿಯನ್ನು ಚಳಿಗಾಲದಲ್ಲಿ ಮುಟ್ಟಲೇಬೇಡಿ. ಯೂಟೈಪಾ ಎಂಬ ಶಿಲೀಂಧ್ರದ ಬೀಜಕಗಳು ಮಳೆಯಲ್ಲಿ ಹರಡಿ ಹಸಿ ಗಾಯದ ಮೂಲಕ ಒಳಗೆ ಹೊಕ್ಕು ಕೊಂಬೆಯನ್ನೇ ಒಣಗಿಸುತ್ತವೆ. ಇವನ್ನು ಜುಲೈ, ಆಗಸ್ಟ್‌ನಲ್ಲಿ ಸವರಿ, ಮಳೆಗೆ ಮೊದಲು ಗಾಯ ಮಾಯಲು ಆರು ವಾರವಾದರೂ ಬಿಡಬೇಕು. ಪೀಚ್‌ಗೆ ಬೇರೆಯೇ ಕಾಟ. ವಸಂತದಲ್ಲಿ ಎಲೆ ಕೆಂಪಾಗಿ, ದಪ್ಪವಾಗಿ, ಮುದುರಿಕೊಳ್ಳುತ್ತದೆ. ಆಗ ಔಷಧಿ ಹೊಡೆದು ಪ್ರಯೋಜನವಿಲ್ಲ. ಟ್ಯಾಫ್ರಿನಾ ಶಿಲೀಂಧ್ರದ ಬೀಜಕಗಳು ಚಳಿಗಾಲವಿಡೀ ತೊಗಟೆಯ ಮೇಲೆ ಕೂತಿದ್ದು, ಮೊಗ್ಗು ಬಿರಿಯುವಾಗ ಮಳೆ ಬಂದರೆ ಒಳಗೆ ನುಗ್ಗುತ್ತವೆ. ಎಲೆ ಉದುರಿದ ಮೇಲೆ ನವೆಂಬರ್ ಕೊನೆಗೆ ಒಮ್ಮೆ ತಾಮ್ರದ ಔಷಧಿ ಸಿಂಪಡಿಸಬೇಕು. ಮಳೆ ಜೋರಿದ್ದ ವರ್ಷ ಮೊಗ್ಗು ಉಬ್ಬುವ ಮುನ್ನ ಇನ್ನೊಮ್ಮೆ.

ಕನ್ನಡಿಗರ ಹಿತ್ತಲಿನಲ್ಲಿ ಚಳಿಗಾಲದ ನಿಜವಾದ ಚಿಂತೆ ಕರಿಬೇವು. ಮೆಂತ್ಯ, ಸಬ್ಬಸಿಗೆ, ಕೊತ್ತಂಬರಿಗೆ ಈ ತಂಪು ಹಬ್ಬ. ಬೇಸಿಗೆಯಲ್ಲಿ ಬೇಗ ಹೂವಿಗೆ ಹೋಗುವ ಕೊತ್ತಂಬರಿ ಈಗ ತಿಂಗಳುಗಟ್ಟಲೆ ಸೊಪ್ಪು ಕೊಡುತ್ತದೆ. ಕರಿಬೇವು ಹಾಗಲ್ಲ, ಅದು ಬಿಸಿನಾಡಿನ ಗಿಡ. ಮೋಡವಿಲ್ಲದ, ಗಾಳಿಯಾಡದ ರಾತ್ರಿ ನೆಲದ ಶಾಖವೆಲ್ಲ ಆಕಾಶಕ್ಕೆ ಹೋಗಿ ಬೆಳಗಿನ ಜಾವ ಸೊನ್ನೆಗೆ ಇಳಿದರೆ ಎಳೆಗಿಡ ಉಳಿಯುವುದು ಕಷ್ಟ. ಕುಂಡದಲ್ಲಿದ್ದರೆ ಒಳಗೆ ತನ್ನಿ. ನೆಲದಲ್ಲಿದ್ದರೆ ಹಿಂದಿನ ದಿನ ಮಣ್ಣಿಗೆ ನೀರು ಹಾಕಿ, ಒದ್ದೆ ಮಣ್ಣು ಹಗಲಿನ ಶಾಖವನ್ನು ಜಾಸ್ತಿ ಹಿಡಿದಿಡುತ್ತದೆ. ಸಂಜೆ ಬಟ್ಟೆಯಿಂದ ನೆಲ ಮುಟ್ಟುವ ಹಾಗೆ ಮುಚ್ಚಿ, ಬೆಳಿಗ್ಗೆ ತೆಗೆಯಿರಿ. ಒಳಗಿಟ್ಟ ಗಿಡವೂ ಎಲೆ ಉದುರಿಸಬಹುದು. ಗಾಬರಿಯಾಗಿ ನೀರು ಸುರಿಯಬೇಡಿ. ತೊಗಟೆಯನ್ನು ಉಗುರಿನಿಂದ ಕೆರೆದಾಗ ಹಸಿರು ಕಂಡರೆ ಅದು ಬದುಕಿದೆ, ವಸಂತಕ್ಕೆ ಚಿಗುರುತ್ತದೆ.

ಆ ಚಿಗುರನ್ನು ಭೂತಗನ್ನಡಿ ಹಿಡಿದು ನೋಡಬೇಕು. ನಿಂಬೆ, ಕಿತ್ತಳೆ ಗಿಡಗಳ ಎಳೆ ಎಲೆಯಲ್ಲಿ ಮೊಟ್ಟೆಯಿಡುವ ಸಿಲಿಡ್ ಎಂಬ ಏಷ್ಯಾದ ಪುಟ್ಟ ಕೀಟ ಕರಿಬೇವಿನ ಮೇಲೂ ಬೆಳೆಯುತ್ತದೆ. ಕಿತ್ತಳೆ ಜಾತಿಯ ಮರಗಳನ್ನು ಕೊಲ್ಲುವ, ಮದ್ದಿಲ್ಲದ ಗ್ರೀನಿಂಗ್ ರೋಗವನ್ನು ಹರಡುವುದು ಇದೇ ಕೀಟ. ಕೊಡಗಿನ ಕಿತ್ತಳೆ ತೋಟಗಳು ಸೊರಗಿದ್ದಕ್ಕೆ ಈ ರೋಗವೂ ಒಂದು ಕಾರಣ. ಕ್ಯಾಲಿಫೋರ್ನಿಯಾದಲ್ಲಿ ಕೀಟ ಮೊದಲು ಸಿಕ್ಕಿದ್ದು 2008ರಲ್ಲಿ, ರೋಗ 2012ರಲ್ಲಿ. ಕರಿಬೇವಿಗೆ ಈ ರೋಗ ತಗಲುವುದಿಲ್ಲ, ಆದರೆ ಕೀಟಕ್ಕೆ ಅದು ಮನೆಯಾಗುತ್ತದೆ. ಆದ್ದರಿಂದಲೇ ಊರಿಂದ ಬರುವವರ ಸೂಟ್‌ಕೇಸಿನಲ್ಲಿ ಹಸಿ ಕರಿಬೇವು ಸಿಕ್ಕರೆ ವಿಮಾನ ನಿಲ್ದಾಣದಲ್ಲಿ ಕಿತ್ತುಕೊಳ್ಳುತ್ತಾರೆ. ಗೆಳೆಯರಿಗೆ ಸಸಿ ಹಂಚುವುದು ನಮಗೆಲ್ಲ ಇಷ್ಟದ ಕೆಲಸವೇ. ಆದರೆ ನಿರ್ಬಂಧವಿರುವ ಜಿಲ್ಲೆಯಿಂದ ಇನ್ನೊಂದು ಊರಿಗೆ ಕರಿಬೇವಿನ ಸಸಿ ಒಯ್ಯಬೇಡಿ, ಪರವಾನಗಿಯಿರುವ ನರ್ಸರಿಯಿಂದಲೇ ಕೊಳ್ಳಿ. ಎಳೆ ಎಲೆಯ ಸಂದಿಯಲ್ಲಿ ಹಳದಿ ಮರಿಗಳು, ಅವುಗಳಿಂದ ಹೊರಬರುವ ಬಿಳಿ ಮೇಣದ ಸುರುಳಿ ಎಳೆಗಳು ಕಂಡರೆ ಗಿಡ ಕಿತ್ತು ಎಸೆಯಲು ಹೋಗದೆ ಕೃಷಿ ಇಲಾಖೆಗೆ ಫೋನ್ ಮಾಡಿ. ಅವರೇ ಬಂದು ಪರೀಕ್ಷಿಸುತ್ತಾರೆ.