ತಾಯಿ ಜೈಲಿನಲ್ಲಿದ್ದರೆ ಮಗಳಿಗೂ ಆ ಬುದ್ಧಿ ರಕ್ತದಲ್ಲೇ ಬರುತ್ತದಾ?

ಪ್ರಶ್ನೆ: ನನ್ನ ವಾರಗಿತ್ತಿ ಕಳ್ಳತನದ ಕೇಸಿನಲ್ಲಿ ಪರಪ್ಪನ ಅಗ್ರಹಾರ ಜೈಲಿನಲ್ಲಿದ್ದಾಳೆ. ಮೈದುನ ತೀರಿಕೊಂಡಿದ್ದಾರೆ. ತಾಯಿಯ ಜೊತೆಗೇ ಇದ್ದ ಮಗುವಿಗೆ ಆರು ತುಂಬಿದ ಮೇಲೆ ನಾವು ಕರೆತಂದೆವು. ಮೊನ್ನೆ ನನ್ನ ಪರ್ಸಿನಿಂದ ಇಪ್ಪತ್ತು ರೂಪಾಯಿ ತೆಗೆದಿದ್ದಾಳೆ. ‘ನೂಲಿನಂತೆ ಸೀರೆ, ತಾಯಿಯಂತೆ ಮಗಳು’ ಅಂತ ಅತ್ತೆ ದಿನಾ ಅನ್ನುತ್ತಾರೆ. ನಿಜವಾ?
(ಓದುಗರು, ವಿಜಯನಗರ, ಬೆಂಗಳೂರು)

ಉತ್ತರ: ಮೊದಲು ಆ ಇಪ್ಪತ್ತು ರೂಪಾಯಿಯ ಮಾತು. ಆರು ವರ್ಷದ ಮಕ್ಕಳು ಕೈಗೆ ಸಿಕ್ಕ ದುಡ್ಡು ತೆಗೆಯುವುದು ಎಷ್ಟೋ ಮನೆಗಳಲ್ಲಿ ಇದ್ದದ್ದೇ. ನಿಮ್ಮ ಮಗುವಂತೂ ಅಂಗಡಿಗೆ ಹೋಗಿ ಕಾಸು ಕೊಟ್ಟು ಮಿಠಾಯಿ ತರುವುದನ್ನೇ ಕಾಣದೆ ಗೋಡೆಯೊಳಗೆ ಬೆಳೆದದ್ದು.

ಹಾಗಂತ ವಂಶವಾಹಿಯ ಪಾತ್ರವೇ ಇಲ್ಲವೆಂದರೆ ಸುಳ್ಳಾಗುತ್ತದೆ. ಇದನ್ನು ತಿಳಿಯಲು ದತ್ತು ಮಕ್ಕಳನ್ನು ನೋಡಬೇಕು. ಅವರಿಗೆ ಹುಟ್ಟು ಒಂದು ಮನೆಯದು, ಅನ್ನ ಇನ್ನೊಂದು ಮನೆಯದು. ಡೆನ್ಮಾರ್ಕಿನ 14 ಸಾವಿರಕ್ಕೂ ಹೆಚ್ಚು ದತ್ತು ಮಕ್ಕಳ ದಾಖಲೆಗಳಿಂದ ಮನಶ್ಶಾಸ್ತ್ರಜ್ಞ ಸಾರ್ನಾಫ್ ಮೆಡ್ನಿಕ್ ಮತ್ತು ಸಂಗಡಿಗರು 1984ರಲ್ಲಿ ಲೆಕ್ಕ ಕೊಟ್ಟರು. ಹೆತ್ತವರಿಗೂ ಸಾಕಿದವರಿಗೂ ಶಿಕ್ಷೆಯಾಗಿರದ ಗಂಡುಮಕ್ಕಳಲ್ಲಿ ಶೇ. 13.5 ಮಂದಿ ಅಪರಾಧಿಗಳಾಗಿದ್ದರು. ಹೆತ್ತವರಿಗೆ ಮಾತ್ರ ಶಿಕ್ಷೆಯಾಗಿದ್ದರೆ ಅದು ಶೇ. 20. ಏರಿಕೆ ನಿಜ, ಅದೂ ಹಿಂಸೆಯಲ್ಲಲ್ಲ, ಕಳ್ಳತನದಂಥ ಅಪರಾಧಗಳಲ್ಲಿ. ಆದರೆ ಆ ಎರಡನೇ ಗುಂಪಿನಲ್ಲೂ ನೂರಕ್ಕೆ ಎಂಬತ್ತು ಮಂದಿಗೆ ಶಿಕ್ಷೆಯಾಗಲಿಲ್ಲ.

ಹೆಣ್ಣುಮಕ್ಕಳ ಲೆಕ್ಕ ಇನ್ನೂ ಬೇರೆ. ನಮ್ಮ ದೇಶದ ನೂರು ಕೈದಿಗಳಲ್ಲಿ ಹೆಂಗಸರು ಸುಮಾರು ನಾಲ್ವರು. ಸ್ವೀಡನ್ನಿನ ದತ್ತು ಮಕ್ಕಳ ಬಗ್ಗೆ 1982ರಲ್ಲಿ ಬಂದ ಅಧ್ಯಯನದಲ್ಲಿ, ಅಪರಾಧ ಮಾಡಿದ ಹೆಣ್ಣುಮಕ್ಕಳ ಹೆತ್ತವರಲ್ಲಿ ಅಪರಾಧದ ದಾಖಲೆ, ಅಪರಾಧ ಮಾಡಿದ ಗಂಡುಮಕ್ಕಳ ಹೆತ್ತವರಿಗಿಂತ ಹೆಚ್ಚಿತ್ತು. ಅಪರಾಧದ ಹೊಸ್ತಿಲು ಹೆಣ್ಣಿಗೆ ಎತ್ತರ, ಅದನ್ನು ದಾಟಬೇಕಾದರೆ ಹುಟ್ಟಿನಿಂದಲೋ ಬದುಕಿನಿಂದಲೋ ಹೆಚ್ಚಿನ ನೂಕು ಬೀಳಬೇಕು ಎಂಬುದು ಇದಕ್ಕೆ ಕೊಟ್ಟ ಒಂದು ವಿವರಣೆ. ಇದನ್ನು ತಿರುಗಿಸಿ ಓದಬಾರದು. ದಾಟಿದವರನ್ನು ಹಿಡಿದು ಹಿಂದಕ್ಕೆ ನೋಡಿದ ಲೆಕ್ಕ ಇದು. ಅಂಥ ತಾಯಂದಿರ ಹೆಣ್ಣುಮಕ್ಕಳೆಲ್ಲ ದಾಟುತ್ತಾರೆಂದು ಇದು ಹೇಳುವುದಿಲ್ಲ.

‘ಅಪರಾಧದ ಜೀನ್’ ಎಂದು ವಾಟ್ಸಾಪಿನಲ್ಲಿ ಓಡಾಡುವ ಎಂಎಒಎ ಬಗ್ಗೆಯೂ ಒಂದು ಮಾತು. 2002ರಲ್ಲಿ ನ್ಯೂಜಿಲೆಂಡಿನ ಗಂಡುಮಕ್ಕಳಲ್ಲಿ ಕಂಡದ್ದು ಇಷ್ಟು: ಬಾಲ್ಯದಲ್ಲಿ ಹಿಂಸೆ ಉಂಡವರಲ್ಲಿ ಆ ಜೀನಿನ ಒಂದು ಬಗೆ ಪರಿಣಾಮ ತೋರಿತು, ಜೀನೊಂದೇ ಅಲ್ಲ. ಅದು ಎಕ್ಸ್ ವರ್ಣತಂತುವಿನಲ್ಲಿದೆ. ಗಂಡಿಗೆ ಅದರ ಒಂದು ಪ್ರತಿ, ಹೆಣ್ಣಿಗೆ ಎರಡು. ಹಾಗಾಗಿ ಗಂಡಸರ ಫಲಿತಾಂಶವನ್ನು ಹೆಂಗಸರಿಗೆ ಹಾಗೇ ಅಂಟಿಸಲಾಗದು.

ಬದುಕಿನ ನೂಕು ಎಂದೆನಲ್ಲ, ಹಲವು ದೇಶಗಳ ಹೆಣ್ಣು ಕೈದಿಗಳ ಹಿನ್ನೆಲೆ ಕೆದಕಿದಾಗ ಸಿಗುವುದು ಬಾಲ್ಯದ ಹೊಡೆತ, ಲೈಂಗಿಕ ದೌರ್ಜನ್ಯ, ಆಮೇಲೆ ಗಂಡನ ಹಿಂಸೆ, ಬಡತನ. ನಿಮ್ಮ ವಾರಗಿತ್ತಿಯ ವಿಚಾರಣೆ ಮುಗಿದಿದೆಯೋ ಇಲ್ಲವೋ ನೀವು ಬರೆದಿಲ್ಲ. ನಮ್ಮ ಜೈಲುಗಳಲ್ಲಿರುವ ಪ್ರತಿ ನಾಲ್ವರು ಕೈದಿಗಳಲ್ಲಿ ಸುಮಾರು ಮೂವರು ಇನ್ನೂ ವಿಚಾರಣಾಧೀನರು.

ಹುಟ್ಟಿನಿಂದಲೇ ಕಳ್ಳರು ಎಂಬ ಮಾತು ಈ ನೆಲದಲ್ಲಿ ಕಾನೂನೇ ಆಗಿತ್ತು. 1871ರ ಕ್ರಿಮಿನಲ್ ಟ್ರೈಬ್ಸ್ ಆಕ್ಟ್ ಇಡೀ ಸಮುದಾಯಗಳಿಗೆ, ತೊಟ್ಟಿಲ ಕೂಸಿಗೂ ಸೇರಿಸಿ, ಆ ಹಣೆಪಟ್ಟಿ ಕಟ್ಟಿತು. 1952ರಲ್ಲಿ ಅದು ರದ್ದಾದರೂ ಆ ಜನರ ಮಕ್ಕಳು ಇಂದಿಗೂ ಅನುಮಾನದ ನೋಟ ಸಹಿಸುತ್ತಿದ್ದಾರೆ. ಅದಕ್ಕೇ ನಿಮ್ಮ ಅತ್ತೆಯವರ ಗಾದೆ ನನ್ನನ್ನು ಇಷ್ಟು ಕಾಡುತ್ತಿದೆ. ಆ ಮಗು ಅದನ್ನು ಕೇಳುತ್ತಿರುವುದು ಸ್ವಂತ ಅಜ್ಜಿಯ ಬಾಯಿಂದ, ದಿನಾ. ಅದರ ಅರ್ಧ ವಂಶವಾಹಿ ಅವರ ಮಗನದೇ ಎಂದು ಅವರಿಗೆ ಮೆತ್ತಗೆ ನೆನಪಿಸಿ.

ನಿಮ್ಮ ಕೈಯಲ್ಲಿರುವುದು ಸಣ್ಣಸಣ್ಣ ಕೆಲಸಗಳು. ಹೊಡೆಯಬೇಡಿ. ಭೇಟಿಗೆ ಅವಕಾಶವಿದ್ದಾಗ ತಾಯಿಯನ್ನು ನೋಡಲು ಕರೆದುಕೊಂಡು ಹೋಗಿ. ವಾರಕ್ಕೆ ಹತ್ತು ರೂಪಾಯಿ ಅವಳ ಕೈಗೇ ಕೊಟ್ಟು ಅಂಗಡಿಗೆ ಕಳಿಸಿ, ಚಿಲ್ಲರೆ ಎಣಿಸಲು ಕಲಿಸಿ. ಆ ಇಪ್ಪತ್ತು ರೂಪಾಯಿ ಯಾಕೆ ಬೇಕಿತ್ತು ಪುಟ್ಟಿ ಅಂತ, ಅತ್ತೆ ಹತ್ತಿರ ಇಲ್ಲದಾಗ, ಪಕ್ಕದಲ್ಲಿ ಕೂರಿಸಿಕೊಂಡು ಒಮ್ಮೆ ಕೇಳಿ.