ಬೀಳ್ಕೊಡುಗೆಗೆ ಮೊದಲು ಎರಡು ಗಂಟೆ

ನಮ್ಮ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನ ಅಟೆಂಡರ್ ನಿವೃತ್ತರಾದ ದಿನ ಹಾರ ಹಾಕಿದೆವು, ಶಾಲು ಹೊದಿಸಿದೆವು, ಹಣ್ಣಿನ ಬುಟ್ಟಿ ಕೊಟ್ಟೆವು. ಮುಂದಿನ ವಾರವೇ ಪ್ರಾಕ್ಟಿಕಲ್ ಪರೀಕ್ಷೆ. ದ್ರಾವಣದ ಬಣ್ಣದ ಗಾಢತೆ ಅಳೆಯುವ ಮೂರು ಕಲರಿಮೀಟರ್‌ಗಳಿವೆ, ಅವುಗಳಲ್ಲಿ ಯಾವುದು ಸರಿಯಾದ ರೀಡಿಂಗ್ ಕೊಡುತ್ತದೆ, ಯಾವುದನ್ನು ಇಪ್ಪತ್ತು ನಿಮಿಷ ಮೊದಲೇ ಆನ್ ಮಾಡಿಡಬೇಕು, ಹಿಂದಿನ ಬೀರುವಿನ ಕೀಲಿ ಎಲ್ಲಿದೆ, ಒಂದೂ ಯಾರಿಗೂ ಗೊತ್ತಿಲ್ಲ. ಫೋನ್ ಮಾಡಿದಾಗ ಪಾಪ, ಅವರೇ ಬಸ್ ಹತ್ತಿ ಬಂದರು. ನನಗೆ ಬಹಳ ಬೇಸರವಾಯಿತು. ಮೂವತ್ತು ವರ್ಷ ನಮ್ಮ ಜತೆಗೇ ಇದ್ದವರು, ಒಂದು ದಿನವೂ ನಾವು ಕೂತು ಕೇಳಿ ಬರೆದುಕೊಂಡಿರಲಿಲ್ಲ.

ನಾನು ಗ್ರಂಥಪಾಲಕ. ಸ್ಟಾಫ್ ಮೀಟಿಂಗ್‌ನಲ್ಲಿ ಜ್ಞಾನ ನಿರ್ವಹಣೆ, ಅಂದರೆ ನಾಲೆಜ್ ಮ್ಯಾನೇಜ್‌ಮೆಂಟ್ ಅಂದರೆ ಸಾಕು, "ಅದು ಲೈಬ್ರರಿ ಕೆಲಸ ಅಲ್ವಾ ಸಾರ್?" ಅನ್ನುತ್ತಾರೆ. ಇನ್ನು ಕೆಲವರು ಸಾಫ್ಟ್‌ವೇರ್‌ಗೆ ಎಷ್ಟಾಗುತ್ತದೆ ಅಂತ ಕೇಳುತ್ತಾರೆ. ಒಬ್ಬರ ತಲೆಯಲ್ಲಿ, ಕೈಯಲ್ಲಿ ಇರುವ ತಿಳಿವಳಿಕೆ ಅವರು ಹೋದ ಮೇಲೂ ಕಾಲೇಜಿಗೆ ಸಿಗಬೇಕು. ವಿಷಯ ಇಷ್ಟೇ.

1980ರ ದಶಕದಲ್ಲಿ ಜಪಾನಿನ ಮತ್ಸುಶಿತ ಕಂಪನಿ ಮನೆಯಲ್ಲೇ ಬ್ರೆಡ್ ಮಾಡುವ ಯಂತ್ರ ಮಾಡಲು ಹೊರಟಿತು. ಹಿಟ್ಟು ಹದಕ್ಕೆ ಬರಲೇ ಇಲ್ಲ. ಕೊನೆಗೆ ಅವರ ಕಡೆಯ ಒಬ್ಬ ಮಹಿಳೆ ಒಸಾಕದ ಹೋಟೆಲೊಂದರ ಮುಖ್ಯ ಬೇಕರ್ ಹತ್ತಿರ ಹಿಟ್ಟು ನಾದುವುದನ್ನು ಕಲಿಯಲು ಹೋದರು. ಆತ ಹಿಟ್ಟನ್ನು ಎಳೆಯುವಾಗ ಜತೆಗೇ ತಿರುಚುತ್ತಾನೆ ಅಂತ ಗೊತ್ತಾಗಿದ್ದು ಆಗ. ಯಾವ ಪುಸ್ತಕದಲ್ಲೂ ಬರೆದಿರದ ಮಾತು ಅದು. ನಮ್ಮ ಅಟೆಂಡರ್ ಕೈಯಲ್ಲಿ ಇದ್ದದ್ದೂ ಅಂಥದ್ದೇ ತಿಳಿವಳಿಕೆ.

ಸಂಶೋಧನೆಯ ಕಡೆ ಪರವಾಗಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2009ರ ನಿಯಮದ ನಂತರ ಪಿಎಚ್‌ಡಿ ಪ್ರಬಂಧಗಳ ಇ-ಪ್ರತಿ ಕೊಡುವುದು ರೂಢಿಯಾಯಿತು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ, ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾದಲ್ಲಿ ಈಗ ಅವನ್ನು ಯಾರು ಬೇಕಾದರೂ ಓದಬಹುದು. ಪಾಠದ ಕಡೆಗೆ ಬಂದರೆ ಕಷ್ಟ. 2021-22ರಲ್ಲಿ ನಮ್ಮ ರಾಜ್ಯದಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ (ಎನ್‌ಇಪಿ) ಬಂತು, ಸಿಲಬಸ್ ಬದಲಾಯಿತು, 2024-25ರಲ್ಲಿ ಮತ್ತೆ ಮೂರು ವರ್ಷದ ಪದವಿ, ಮತ್ತೆ ಹೊಸ ಸಿಲಬಸ್. ನಮ್ಮಲ್ಲಿ ಕೆಲವು ವಿಷಯಗಳಿಗೆ ಹಳೆಯ ನೋಟ್ಸ್ ತುಂಬಾ ಉಪಯೋಗಕ್ಕೆ ಬರುತ್ತಿತ್ತು, ಆದರೆ ಅದು ವರ್ಗಾವಣೆಯಾಗಿ ಹೋದವರ ಪೆನ್‌ಡ್ರೈವ್‌ನಲ್ಲಿತ್ತು. ಹೊಸಬರು ಮೊದಲಿಂದ ಬರೆದರು.

ಅತಿಥಿ ಉಪನ್ಯಾಸಕರ ವಿಷಯ ಇನ್ನೂ ಸೂಕ್ಷ್ಮ. ಪಾಠದ ಎಷ್ಟೋ ಭಾರ ಹೊರುವವರು ಅವರು, ಮುಂದಿನ ವರ್ಷ ಇಲ್ಲೇ ಇರುತ್ತೇವೆ ಅನ್ನುವ ಭರವಸೆ ಇಲ್ಲ. "ನನ್ನ ನೋಟ್ಸ್ ಕೊಟ್ಟರೆ ನನಗೇನು ಉಳಿಯುತ್ತದೆ ಸಾರ್?" ಅಂತ ಒಬ್ಬರು ಕೇಳಿದ್ದರು. ನ್ಯಾಯವಾದ ಪ್ರಶ್ನೆ. ಬರೆದವರ ಹೆಸರು ನೋಟ್ಸ್ ಮೇಲೆ ಇರಬೇಕು, ಅವರು ಬೇರೆ ಕಡೆ ಅರ್ಜಿ ಹಾಕುವಾಗ ತೋರಿಸಲು ಪ್ರಾಂಶುಪಾಲರ ಸಹಿಯ ಒಂದು ಪತ್ರ ಸಿಗಬೇಕು. ಇಷ್ಟೂ ಮಾಡದೆ ಹಂಚಿಕೊಳ್ಳಿ ಅನ್ನುವುದು ತಪ್ಪು ಅಂತಲೇ ನನ್ನ ಅಭಿಪ್ರಾಯ.

ಸಾಫ್ಟ್‌ವೇರ್ ಚಿಂತೆ ಆಮೇಲೆ. ಇಂಥ ಬರಹ, ಕಡತಗಳನ್ನು ಕೂಡಿಡುವ ಡಿಸ್ಪೇಸ್ ಅನ್ನುವ ಸಾಫ್ಟ್‌ವೇರ್ 2002ರಿಂದ ಇದೆ, ಉಚಿತ. ಆದರೆ ತುಂಬಲು ಏನೂ ಇಲ್ಲದಿದ್ದರೆ ಅದನ್ನು ಸುಮ್ನೆ ಹಾಕಿಸಿ ಏನು ಮಾಡುವುದು? ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಬರುವ ವರ್ಷ ಮಾತ್ರ ಫೈಲು, ಫೋಟೋ ಹುಡುಕುವ ಅಭ್ಯಾಸ ಮೊದಲು ಬಿಡಬೇಕು. ನಾವು ಈಗ ಪ್ರತಿ ವಿಭಾಗದಲ್ಲೂ ಒಂದು ನೋಟ್‌ಬುಕ್ ಇಟ್ಟಿದ್ದೇವೆ. ಕೆಟ್ಟದ್ದು, ಸರಿಮಾಡಿದ್ದು, ಯಾರನ್ನು ಕೇಳಿದರೆ ಕೆಲಸ ಆಗುತ್ತದೆ ಅನ್ನುವುದು, ಎಲ್ಲ ಅದರಲ್ಲಿ ಬರೆಯುತ್ತೇವೆ. ನಿವೃತ್ತಿ, ವರ್ಗಾವಣೆ ಆಗುವವರ ಜತೆ ಬೀಳ್ಕೊಡುಗೆಗೆ ಮೊದಲು ಎರಡು ಗಂಟೆಯಾದರೂ ಕೂರುತ್ತೇವೆ, ಫೋನಿನಲ್ಲಿ ರೆಕಾರ್ಡ್ ಮಾಡುತ್ತೇವೆ.

ಈ ತಿಂಗಳು ಕಚೇರಿಯ ಸೂಪರಿಂಟೆಂಡೆಂಟ್ ಮೇಡಂ ನಿವೃತ್ತರಾಗುತ್ತಿದ್ದಾರೆ. ನಿನ್ನೆ ಸ್ಕಾಲರ್‌ಶಿಪ್ ಅರ್ಜಿಗಳು ಎಲ್ಲೆಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ ಅಂತ ಹೇಳುವಷ್ಟರಲ್ಲೇ ಎರಡು ಗಂಟೆ ಮುಗಿಯಿತು. ಪರೀಕ್ಷಾ ವಿಭಾಗದ ಕೆಲಸ ಇನ್ನೂ ಬಾಕಿ ಇದೆ, ಸೋಮವಾರ ಮತ್ತೆ ಕೂರುತ್ತೇವೆ.