ಪ್ಯಾರಿಷ್ ದಾಖಲೆಯಲ್ಲಿ ಜಮೀನಿನ ಒಡೆಯ ಯಾಕೆ ಸಿಗುವುದಿಲ್ಲ?

ಪ್ರಶ್ನೆ: ಇಂಗ್ಲೆಂಡಿನ ಒಂದು ಹಳ್ಳಿಯ ಪ್ಯಾರಿಷ್ ರಿಜಿಸ್ಟರುಗಳನ್ನೆಲ್ಲ ತಿರುವಿ ಹಾಕಿದೆ. ಭೂಮಿ ಯಾವ ಮನೆತನದ್ದು ಎಂದು ಮಾತ್ರ ತಿಳಿಯಲಿಲ್ಲ. ಎಲ್ಲಿ ಹುಡುಕಬೇಕು?

ಉತ್ತರ: ಪ್ಯಾರಿಷ್ ಎಂದರೆ ಒಂದು ಚರ್ಚಿಗೆ ಸೇರಿದ ಪ್ರದೇಶದ ಎಲ್ಲೆ, ಮ್ಯಾನರ್ ಎಂದರೆ ಒಬ್ಬ ಒಡೆಯನ ಜಮೀನಿನ ಎಲ್ಲೆ. 1538ರಲ್ಲಿ ಶುರುವಾದ ಪ್ಯಾರಿಷ್ ರಿಜಿಸ್ಟರಿನಲ್ಲಿ ಇರುವುದು ದೀಕ್ಷಾಸ್ನಾನ, ಮದುವೆ, ಸಮಾಧಿ, ಅಷ್ಟೇ. ಜಮೀನಿನ ಮಾತು ಬರುವುದು ಒಡೆಯ ನಡೆಸುತ್ತಿದ್ದ ಮ್ಯಾನರ್ ಕೋರ್ಟಿನ ಸುರುಳಿಗಳಲ್ಲಿ, ಅಂದರೆ ಸುತ್ತಿಟ್ಟ ನಡಾವಳಿ ದಾಖಲೆಗಳಲ್ಲಿ. ಎರಡೂ ಎಲ್ಲೆಗಳು ಒಂದೇ ಆಗಿರಬೇಕೆಂದೇನೂ ಇಲ್ಲ.

ಲೆಸ್ಟರ್‌ಶೈರಿನ ಕಿಬ್‌ವರ್ತ್ ನೋಡಿ. ಪ್ಯಾರಿಷ್ ಒಂದೇ, ಸೇಂಟ್ ವಿಲ್ಫ್ರಿಡ್ ಚರ್ಚೂ ಒಂದೇ. ಆದರೆ ಒಳಗೆ ಕಿಬ್‌ವರ್ತ್ ಹಾರ್ಕೋರ್ಟ್, ಕಿಬ್‌ವರ್ತ್ ಬೋಷಾಂ ಎಂಬ ಎರಡು ಮ್ಯಾನರುಗಳು. ಊರಿನ ಹೆಸರಿಗೆ ಅಂಟಿಕೊಂಡ ಎರಡನೇ ಪದವೇ ಒಡೆಯರ ಮನೆತನದ ಹೆಸರು. ಬೋಷಾಂ ಮನೆತನದವರು ವಾರಿಕ್‌ನ ಅರ್ಲ್‌ ಎಂಬ ದೊಡ್ಡ ಪದವಿಗೆ ಏರಿದವರು. ಹಾರ್ಕೋರ್ಟ್ ಮ್ಯಾನರನ್ನು 1270ರ ಸುಮಾರಿಗೆ ವಾಲ್ಟರ್ ಡಿ ಮರ್ಟನ್ ತಾನು ಕಟ್ಟಿದ ಕಾಲೇಜಿಗಾಗಿ ಕೊಂಡ. ಹಾಗಾಗಿ ಅದರ ಸುರುಳಿಗಳು ಇವತ್ತಿಗೂ ಇರುವುದು ಆಕ್ಸ್‌ಫರ್ಡಿನ ಮರ್ಟನ್ ಕಾಲೇಜಿನಲ್ಲಿ. ಲೆಸ್ಟರ್‌ಶೈರಿನಲ್ಲೇ ಹುಡುಕುತ್ತ ಕೂತವರಿಗೆ ಸಿಗುವುದಾದರೂ ಹೇಗೆ? ದಾಖಲೆ ಹಳ್ಳಿಯ ಹಿಂದೆ ಹೋಗುವುದಿಲ್ಲ, ಒಡೆಯನ ಹಿಂದೆ ಹೋಗುತ್ತದೆ.

ಆದ್ದರಿಂದ ಮೊದಲು ಮ್ಯಾನರಿನ ಹೆಸರು ಗೊತ್ತುಮಾಡಿಕೊಳ್ಳಿ. ಇಂಗ್ಲೆಂಡಿನ ಕೌಂಟಿಗಳ (ಜಿಲ್ಲೆಗಳ) ಇತಿಹಾಸ ಹೇಳುವ ವಿಕ್ಟೋರಿಯಾ ಕೌಂಟಿ ಹಿಸ್ಟರಿ ಮಾಲೆಯ ಸಂಪುಟ ಆ ಪ್ರದೇಶಕ್ಕೆ ಬಂದಿದ್ದರೆ ಒಡೆಯರ ಸರಣಿ ಅಲ್ಲೇ ಸಿಗುತ್ತದೆ. ಆಮೇಲೆ ಬ್ರಿಟನ್ನಿನ ನ್ಯಾಷನಲ್ ಆರ್ಕೈವ್ಸ್ ಜಾಲತಾಣದ ಮ್ಯಾನೋರಿಯಲ್ ಡಾಕ್ಯುಮೆಂಟ್ಸ್ ರಿಜಿಸ್ಟರಿನಲ್ಲಿ ಆ ಹೆಸರು ಹಾಕಿದರೆ ಯಾವ ಸುರುಳಿ ಎಲ್ಲಿದೆ ಎಂಬುದು ಬರುತ್ತದೆ. 1086ರ ಭೂಸಮೀಕ್ಷೆಯಾದ ಡೂಮ್ಸ್‌ಡೇ ಬುಕ್ ಆಗಿನ ಒಡೆಯನ ಜೊತೆಗೆ 1066ರ ನಾರ್ಮನ್ ದಾಳಿಗೆ ಮುಂಚಿನವನನ್ನೂ ಹೆಚ್ಚಿನ ಕಡೆ ಹೇಳುತ್ತದೆ.

ಸುರುಳಿಯಲ್ಲಿ ಮುಖ್ಯವಾಗಿ ಕಾಣುವುದು ಕಾಪಿಹೋಲ್ಡ್ ಜಮೀನಿನ, ಅಂದರೆ ಮ್ಯಾನರ್ ಒಡೆಯನ ಕೆಳಗೆ ರೈತ ಹಿಡಿದ ಜಮೀನಿನ, ಕೈಬದಲು. ನಮ್ಮ ಖಾತೆ ಬದಲಾವಣೆಯ ಹಾಗೆಯೇ: ರೈತ ಸತ್ತರೆ ಜಮೀನು ಕೋರ್ಟಿನಲ್ಲಿ ಒಡೆಯನ ಕೈಗೆ ಹಿಂತಿರುಗಿ, ವಾರಸುದಾರ ಕಾಣಿಕೆ ಕಟ್ಟಿ ಒಳಗೆ ಬರುತ್ತಾನೆ. ಸುರುಳಿಯ ಆ ನಮೂದಿನ ನಕಲೇ ಅವನ ಹಕ್ಕುಪತ್ರ. ತಂದೆಯಿಂದ ಮಗನಿಗೆ, ವಿಧವೆಗೆ, ಅಳಿಯನಿಗೆ ಎಂದು ನಾಲ್ಕಾರು ತಲೆಮಾರು ಹೀಗೆ ಹಿಡಿಯಬಹುದು. ಸಾಮಾನ್ಯ ರೈತರ ಹೆಸರುಗಳು ಇಷ್ಟು ಹಿಂದಿನಿಂದ ಉಳಿದಿರುವುದು ದೊಡ್ಡ ಭಾಗ್ಯ. ಈ ಹಿಡುವಳಿ ಪದ್ಧತಿ 1926ರ ಜನವರಿ 1ಕ್ಕೆ ಕೊನೆಗೊಂಡಿತು.

ಎಡವುವುದು ತಾರೀಖಿನಲ್ಲಿ. ‘5 ಮೂರನೇ ಎಡ್ವರ್ಡ್’ ಎಂದರೆ ಆ ರಾಜನ ಆಳ್ವಿಕೆಯ ಐದನೇ ವರ್ಷ: 1331ರ ಜನವರಿ 25ರಿಂದ 1332ರ ಜನವರಿ 24. 1752ಕ್ಕೆ ಮುಂಚೆ ಹೊಸ ವರ್ಷ ಮಾರ್ಚ್ 25ಕ್ಕೆ ಹುಟ್ಟುತ್ತಿತ್ತು. 1700ರ ಫೆಬ್ರವರಿ ಎಂದು ಬರೆದಿದ್ದರೆ ನಮ್ಮ ಲೆಕ್ಕಕ್ಕೆ ಅದು 1701. 1733ರವರೆಗೆ ಭಾಷೆ ಬಹುಪಾಲು ಲ್ಯಾಟಿನ್, ಅದೂ ಮೊಟಕು ಅಕ್ಷರಗಳಲ್ಲಿ.

ಚರ್ಚಿಗೆ ಪಾದ್ರಿಯನ್ನು ಸೂಚಿಸುವ ಹಕ್ಕುಳ್ಳವನನ್ನೇ ಮ್ಯಾನರಿನ ಒಡೆಯ ಎಂದುಕೊಳ್ಳಬೇಡಿ. ಆ ಹಕ್ಕನ್ನು ಬೇರೆಯಾಗಿಯೇ ಮಾರುತ್ತಿದ್ದರು.